ಹತ್ತಿ ಜಿನ್ನಿನ ಕೆಮ್ಮು

ಕಂಪೌಂಡರ್ ಎಂದರೆ ಔಷಧಿ ಕಲಸುವವನು ಎಂದು ಜನ ತಿಳಿದಿದ್ದಾರೆ. ಕಲಸಿದ್ದೇನೋ ನಿಜ. ಬಾಟಲಿಗೆ ಕೆಂಪು ನೀರು ತುಂಬಿ, ಒಂದು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತೋರಿಸಲು ಕಾಗದದ ಪಟ್ಟಿ ಕತ್ತರಿಸಿ ಅಂಟಿಸಿ ಅಂಟಿಸಿ ನನ್ನ ಹೆಬ್ಬೆರಳಿಗೆ ಗೋಂದಿನ ವಾಸನೆ ಹತ್ತಿಬಿಟ್ಟಿತ್ತು. ಆದರೆ ದವಾಖಾನೆಗೆ ಬಂದವರಿಗೆ ಕಂಪೌಂಡರನಿಂದ ಆಗುವ ಒಳ್ಳೆಯದು, ಕೆಟ್ಟದ್ದು ಹೆಚ್ಚಾಗಿ ಅವನ ಮಾತಿನಿಂದ, ಅವನು ಬರೆದುಕೊಟ್ಟ ಚೀಟಿಯಿಂದ ಆಗುತ್ತದೆ. ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಮನೆಗೆ ಬಂದರೆ, "ಆಗಿನ ಕಾಲ ಹ್ಯಾಂಗಿತ್ತು ಹೇಳ್ರಿ" ಅನ್ನುತ್ತಾರೆ. ನನಗೆ ಸಿಕ್ಕ ಬಡ್ತಿ, ಮೇಲಿನವರ ಶಹಬ್ಬಾಸಗಿರಿ ಅವರಿಗೆ ಯಾಕೆ ಬೇಕು? ನಾನು ಗುಂಡಮ್ಮನ ಸಂಗತಿ ಹೇಳುತ್ತೇನೆ. ಅದನ್ನು ಹೇಳಬೇಕಾದರೆ ಬೀದರಿನಿಂದ ಶುರು ಮಾಡಬೇಕು.

ನಿಜಾಮರ ಸರ್ಕಾರದ ಕೊನೆಯ ವರ್ಷಗಳಲ್ಲಿ ನಾನು ಬೀದರ ಪಟ್ಟಣದ ಒಂದು ಸಣ್ಣ ದವಾಖಾನೆಗೆ ಸೇರಿದೆ. ಹುಟ್ಟೂರು ಹಲಬರ್ಗಾ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಉರ್ದು ಕಲಿತವನಾದ್ದರಿಂದ ರಿಜಿಸ್ಟರ್ ಬರೆಯುವ ಕೆಲಸವೂ ನನ್ನ ಪಾಲಿಗೇ ಬಂತು. ಹೆಸರು, ವಯಸ್ಸು, ಊರು, ಪೇಶಾ, ರೋಗ ಎಂದು ಮನೆಗಳಿದ್ದವು. ಪೇಶಾ ಎಂದರೆ ಕಸುಬು. ಬೆಳಿಗ್ಗೆ ಸಾಲು ಉದ್ದವಿರುತ್ತಿತ್ತು. ಯಾರು ಕೇಳುತ್ತಾ ಕೂಡಬೇಕು? ಬಡವರೆಲ್ಲರ ಎದುರಿಗೂ 'ಮಜ್ದೂರ್', ಅಂದರೆ ಕೂಲಿ, ಎಂದು ಬರೆದು ಮುಂದೆ ಹೋಗುತ್ತಿದ್ದೆ.

ಕರೀಂ ಉಸ್ತಾದರು ಎಂಬ ಬಿದರಿ ಕೆಲಸದವರೊಬ್ಬರು ಒಂದು ಸಂಜೆ ಗಡಗಡ ನಡುಗುತ್ತಾ ಬಂದರು. ಮೈ ಕೆಂಡವಾಗಿತ್ತು. ಮಲೇರಿಯಾ ಎಂದು ನಾನೇ ತೀರ್ಮಾನಿಸಿ ಕ್ವಿನೈನ್ ಕುಡಿಸಿದೆ. ಮರುದಿನ ಮುಂಜಾನೆ ಅವರು ಗುಣವಾಗಿ ಓಡಾಡುತ್ತಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ. ಹದಿನೈದು ದಿನಕ್ಕೆ ಮತ್ತೆ ಅದೇ ನಡುಕ, ಮತ್ತೆ ಕ್ವಿನೈನ್, ಮತ್ತೆ ಮುಂಜಾನೆಗೆ ಗುಣ. ಮೂರನೆಯ ಸಲ ಉಸ್ತಾದರು ಬಾಟಲಿಯನ್ನು ಕೈಯಿಂದ ಸರಿಸಿ ನಕ್ಕರು.

"ಕಂಪೌಂಡರ್ ಸಾಬ್, ನಿಮ್ಮ ಕಹಿ ದವಾ ಕುಡಿದ್ರೂ ಇದು ಹೋಗ್ತದ, ಕುಡೀದಿದ್ರೂ ಹೋಗ್ತದ. ಇದು ಸೊಳ್ಳಿ ಜ್ವರ ಅಲ್ಲರಿ, ಭಟ್ಟಿ ಜ್ವರ. ಜಸ್ತ ಕರಗಿಸಿದ ದಿನ ಅದರ ಬಿಳಿ ಹೊಗಿ ಮೂಗಿನಾಗ ಹೋದ್ರ ಸಂಜಿಗಿ ಬರ್ತದ. ನಮ್ಮಪ್ಪಗೂ ಬರ್ತಿತ್ತು."

"ಗೊತ್ತಿದ್ರ ಮತ್ತ ಯಾಕ ಬಂದ್ರಿ?"

"ಮನಿಯಾಕಿ ಕೇಳಬೇಕಲ್ಲರಿ. ದವಾಖಾನಿಗಿ ಹೋಗಿ ಬಂದೆ ಅಂದ್ರ ಅಕೀಗಿ ಸಮಾಧಾನ."

ನಮ್ಮ ಡಾಕ್ಟರ್ ಸಾಹೇಬರು ಹೈದರಾಬಾದ್ ಕಡೆಯ ಹಿರಿಯರು. ಮಾತು ಕಡಿಮೆ. ಒಳಗೆ ಕುಳಿತು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ರಿಜಿಸ್ಟರ್ ತರಿಸಿ ಉಸ್ತಾದರ ಹೆಸರಿನ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿಯೂ ನಾನು 'ಮಜ್ದೂರ್' ಎಂದೇ ಬರೆದಿದ್ದೆ. "ಏನು ತ್ರಾಸ ಅಂತ ಕೇಳೂಕ್ಕಿಂತ ಮೊದಲು ಏನು ಕೆಲಸ ಮಾಡ್ತಿ ಅಂತ ಕೇಳು, ಬೇಟಾ" ಎಂದರು. ಬಿದರಿ ಪಾತ್ರೆಯ ಚೆಲುವನ್ನು ನೋಡಿ ಬೆಳೆದವನು ನಾನು. ಜಸ್ತ, ಅಂದರೆ ಸತು ಕರಗಿಸಿ ಅದನ್ನು ಎರಕ ಹೊಯ್ಯುವವನ ಮೈಗೆ ಏನಾಗುತ್ತದೆ ಎಂದು ಅಂದಿನವರೆಗೆ ಯೋಚಿಸಿರಲಿಲ್ಲ. ಸಾಹೇಬರ ಮಾತಿಗೆ ತಲೆಯಾಡಿಸಿದೆ. ವಾರ ಎರಡು ವಾರ ಕೇಳಿದೆ, ಆಮೇಲೆ ಬಿಟ್ಟೆ.

ಸಾಹೇಬರಿಗೆ ಭಾಲ್ಕಿಗೆ ಬದಲಿಯಾದಾಗ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಊರಿನ ಹೊರಗೆ ಒಂದು ಹತ್ತಿ ಜಿನ್ನು ಇತ್ತು. ಹತ್ತಿಯಿಂದ ಕಾಳು ಬೇರೆ ಮಾಡುವ ಗಿರಣಿ. ದೀಪಾವಳಿ ದಾಟಿ ಹತ್ತಿ ಬರತೊಡಗಿದರೆ ಬೇಸಿಗೆಯವರೆಗೆ ನಡೆಯುತ್ತಿತ್ತು. ಯಂತ್ರಕ್ಕೆ ಹತ್ತಿ ಉಣಿಸುವವರು, ಕಸ ಗುಡಿಸುವವರು ಬಹುತೇಕ ಹೆಂಗಸರು. ಚಳಿಗಾಲ ಬಂತೆಂದರೆ ದವಾಖಾನೆಯ ಕಟ್ಟೆಯ ಮೇಲೆ ಅವರದೇ ಕೆಮ್ಮು. ಎಲ್ಲರೂ ಅದನ್ನು ಥಂಡಿ ಕೆಮ್ಮು ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ.

ಗುಂಡಮ್ಮ ಅವರಲ್ಲಿ ಒಬ್ಬಳು. ಇಪ್ಪತ್ತೈದರ ಒಳಗಿನವಳು. ತವರು ಔರಾದ ಕಡೆಯ ಹಳ್ಳಿ, ಕುರಿ ಸಾಕುವ ಮನೆತನ. ಸೊಂಟದ ಮೇಲೆ ಮೂರು ವರ್ಷದ ಮಗಳು ಕಮಲಿ ಇರುತ್ತಿದ್ದಳು. ಒಂದು ಚಳಿಗಾಲ ಗುಂಡಮ್ಮನ ಕೆಮ್ಮು ಬಿಡಲೇ ಇಲ್ಲ. ಸಂಜೆ ಮೈ ಬೆಚ್ಚಗಾಗುತ್ತಿತ್ತು, ಗಲ್ಲ ಒಳಗೆ ಹೋಗಿತ್ತು. ಆ ವಾರ ಸಾಹೇಬರನ್ನು ಬೀದರಿಗೆ ಕರೆಸಿಕೊಂಡಿದ್ದರು. ಅವಳ ಮಾವ ಶಿವಲಿಂಗಪ್ಪ ಬಂದು ನನ್ನ ಎದುರು ಕುಳಿತರು. ಊರಲ್ಲಿ ಮರ್ಯಾದಸ್ಥರು, ಕೆಟ್ಟವರಲ್ಲ.

"ಸೊಸಿಗಿ ಏನಾಗ್ಯಾದರಿ? ಮನ್ಯಾಗ ಸಣ್ಣ ಕೂಸವ. ಖರೆ ಹೇಳ್ರಿ."

ಡಾಕ್ಟರು ಬರಲಿ ಎಂದು ಹೇಳಿ ಕಳಿಸಬಹುದಿತ್ತು. ಆದರೆ ಎದುರಿಗೆ ಹಿರಿಯ ಮನುಷ್ಯ ಕೈಮುಗಿದು ಕುಳಿತಿದ್ದಾನೆ, ನನಗೂ ತಿಳಿಯುತ್ತದೆ ಎಂಬ ಸೊಕ್ಕು ಬೇರೆ. 'ಕ್ಷಯದ ಲಕ್ಷಣ ಇದೆ, ಬೇರೆ ಇರಿಸತಕ್ಕದ್ದು' ಎಂದು ಚೀಟಿ ಬರೆದು ಕೊಟ್ಟೆ. ಅವಳು ಜಿನ್ನಿಗೆ ಹೋಗುತ್ತಾಳೆಂಬುದು ಗೊತ್ತಿತ್ತು. ಜಿನ್ನಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಎರಡೇ ದಿನಕ್ಕೆ ಅವಳನ್ನು ತವರಿಗೆ ಕಳಿಸುವ ಚಕ್ಕಡಿ ದವಾಖಾನೆಯ ಮುಂದೆ ನಿಂತಿತು. ಗುಂಡಮ್ಮ ಒಬ್ಬಳೇ ಕುಳಿತಿದ್ದಳು. ಕಮಲಿಯನ್ನು ಅಜ್ಜಿ ಎತ್ತಿಕೊಂಡು ದೂರದಲ್ಲಿ ನಿಂತಿದ್ದರು. ಕೂಸು ಎರಡೂ ಕೈ ಚಾಚಿ ಅಳುತ್ತಿತ್ತು. ಗುಂಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನನ್ನು ಕೇಳಿದಳು: "ಅಣ್ಣಾರ, ನಾ ಮುಟ್ಟಿದ್ರ ಕೂಸಿಗಿ ಹತ್ತತದಂತ, ಹೌದೇನ್ರಿ?"

"ಹೌದು ತಂಗಿ" ಎಂದೆ.

ಅವಳು ಮುಟ್ಟಲಿಲ್ಲ. ಚಕ್ಕಡಿ ಹೋಯಿತು.

ಸಾಹೇಬರು ಬಂದ ಮೇಲೆ ಹೇಳಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ. "ಜಿನ್ನಿಗೆ ಹೋಗದ ದಿನ ಕೆಮ್ಮು ಇರ್ತಿತ್ತೇನು? ಬೇಸಿಗಿಯಾಗ ಇರ್ತಿತ್ತೇನು?" ಎರಡನ್ನೂ ನಾನು ಅವಳನ್ನು ಕೇಳಿರಲಿಲ್ಲ. "ಆಕೀಗಿ ತಿರುಗಿ ಕರೆಸು, ನಾ ನೋಡ್ತೀನಿ" ಎಂದರು. ಮಾವನ ಮನೆಗೆ ಹೋದೆ. ಅವರು, "ಹೋದ ರೋಗ ಮತ್ತ ಯಾಕ ಕರೀಬೇಕ್ರಿ?" ಎಂದರು. ನಾನೇ ಔರಾದಕ್ಕೆ ಹೋಗಬೇಕೆಂದುಕೊಂಡೆ. ಅಷ್ಟರಲ್ಲಿ ದಾರಿಗಳು ಹೋಗುವ ಹಾಗಿರಲಿಲ್ಲ.

ರಜಾಕಾರರು ಊರೂರಿಗೆ ನುಗ್ಗುತ್ತಿದ್ದ ತಿಂಗಳುಗಳು ಅವು. ದವಾಖಾನೆಗೆ ಬರುವ ಗಾಯಗಳ ಜಾತಿಯೇ ಬದಲಾಯಿತು. ಸುಟ್ಟ ಗಾಯ, ಬರ್ಚಿಯ ಗಾಯ, ಗುಂಡು ತಗುಲಿದವರು. ಆಮೇಲೆ ಮಳೆಗಾಲದ ಕೊನೆಗೆ ಹಿಂದುಸ್ತಾನದ ಫೌಜು ಬಂತು. ನಮ್ಮ ಜನ ಪೊಲೀಸ್ ಆ್ಯಕ್ಷನ್ ಎಂದು ಕರೆಯುವುದು ಅದನ್ನೇ. ನಾಲ್ಕೈದು ದಿನದಲ್ಲಿ ನಿಜಾಮರ ರಾಜ್ಯ ಮುಗಿಯಿತು. ಅದರ ನಂತರ ಬಂದ ಗಾಯಗಳು ಇನ್ನೊಂದು ಓಣಿಯವರವು, ಮುಸಲ್ಮಾನರವು. ನಾನು ಎರಡನ್ನೂ ಕಟ್ಟಿದೆ. ಎರಡಕ್ಕೂ ಅದೇ ಅಯೋಡಿನ್, ಅದೇ ಹರಿದ ಧೋತರದ ಪಟ್ಟಿ. ಒಂದು ಮುಂಜಾನೆ ಸಾಹೇಬರ ಮನೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಎಲ್ಲಿಗೆ ಹೋಗುತ್ತೇನೆಂದು ಹೇಳಿ ಹೋಗುವ ಕಾಲ ಅದಾಗಿರಲಿಲ್ಲ. ಮುಂದೆ ಬೀದರಿಗೆ ಹೋದಾಗ ಕರೀಂ ಉಸ್ತಾದರನ್ನು ಹುಡುಕಿಕೊಂಡು ಹೋದೆ. ಅವರ ಭಟ್ಟಿಯಲ್ಲಿ ಮಳೆನೀರು ನಿಂತಿತ್ತು. ಪಕ್ಕದ ಮನೆಯವರು ನನ್ನನ್ನು ನೋಡಿ ಕಿಟಕಿ ಹಾಕಿಕೊಂಡರು.

ಜಿನ್ನಿನ ಮಾಲೀಕ ಗದ್ದಲ ಶುರುವಾದಾಗಲೇ ಬೀಗ ಹಾಕಿ ಸೋಲಾಪುರದ ಕಡೆಗೆ ಹೋಗಿದ್ದ. ಆ ವರ್ಷ ಜಿನ್ನು ತೆರೆಯಲಿಲ್ಲ. ದೀಪಾವಳಿ ಹೋಯಿತು, ಎಳ್ಳಮಾಸಿ ಬಂತು, ಹಲ್ಲು ಕಟಕಟಿಸುವ ಚಳಿ ಬಿತ್ತು. ದವಾಖಾನೆಯ ಕಟ್ಟೆ ಮಾತ್ರ ಖಾಲಿ. ಕೆಮ್ಮಿನ ಔಷಧಿ ಕಲಸಿಟ್ಟ ದೊಡ್ಡ ಜಾಡಿ ಹಾಗೇ ಕುಳಿತಿತ್ತು. ಜನ ಇನ್ನೂ ಹೊರಗೆ ಬರಲು ಅಂಜುತ್ತಿದ್ದಾರೆಂದು ಮೊದಲು ತಿಳಿದೆ. ಸಂತೆಯಲ್ಲಿ ಜಿನ್ನಿನ ಹೆಂಗಸರು ಮೂರು ಜನ ಕಣ್ಣಿಗೆ ಬಿದ್ದರು. ಹೊಲದ ಕೂಲಿಗೆ ಹೋಗಿ ಬರುತ್ತಿದ್ದರು.

"ಯಾಕ ಯವ್ವಾ, ಈ ಸಲ ಕೆಮ್ಮು ಇಲ್ಲೇನು?"

ಹಿರಿಯಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಜಿನ್ನು ಬಂದ್ ಅದಲ್ರಿ. ಕೆಮ್ಮು ಎಲ್ಲಿಂದ ಬರ್ತದ?"

ನಾನು ಸಂತೆಯ ನಡುವೆ ನಿಂತುಬಿಟ್ಟೆ. ಪ್ರತಿ ವರ್ಷ ಚಳಿ ಮತ್ತು ಜಿನ್ನು ಜೊತೆಗೇ ಬರುತ್ತಿದ್ದವು. ಕೆಮ್ಮು ಯಾವುದರದು ಎಂದು ಯಾರಿಗೂ ಬೇರ್ಪಡಿಸಲು ಆಗಿರಲಿಲ್ಲ. ಈ ಸಲ ಚಳಿ ಬಂದಿದೆ, ಜಿನ್ನು ಬಂದಿಲ್ಲ, ಕೆಮ್ಮೂ ಇಲ್ಲ. ಹಾಗಾದರೆ ಗುಂಡಮ್ಮನದು? ದವಾಖಾನೆಗೆ ಹಿಂದಿರುಗಿದೆ. ಹಳೆಯ ರಿಜಿಸ್ಟರುಗಳನ್ನು ತೆಗೆದು ನೋಡಿದೆ. ಜಿನ್ನಿನವರು ಎಷ್ಟು ಜನ ಕೆಮ್ಮಿಗೆ ಬಂದಿದ್ದರೆಂದು ತೋರಿಸಬೇಕಲ್ಲ. ಪುಟದ ತುಂಬ ನನ್ನದೇ ಕೈಬರಹದಲ್ಲಿ ಮಜ್ದೂರ್, ಮಜ್ದೂರ್, ಮಜ್ದೂರ್.

ಮರುವರ್ಷ ಮಾಲೀಕ ಬಂದ, ಜಿನ್ನು ತೆರೆಯಿತು, ವಾರದೊಳಗೆ ಕಟ್ಟೆ ತುಂಬಿತು. ಈ ಸಲ ಒಬ್ಬೊಬ್ಬರನ್ನೂ ಕೇಳಿದೆ. ಸಂತೆ ದಿನ ಜಿನ್ನಿಗೆ ಸುಟ್ಟಿ, ಅಂದರೆ ರಜೆ. ಸುಟ್ಟಿ ಮುಗಿಸಿ ಹೋದ ದಿನ ಎದೆ ಬಿಗಿಯುವುದು ಎಲ್ಲಕ್ಕಿಂತ ಹೆಚ್ಚು ಎಂದು ಎಲ್ಲರೂ ಹೇಳಿದರು. ನಾನೇ ಹೋಗಿ ನೋಡಿದೆ. ಒಳಗೆ ಮೂರು ಮಾರು ಆಚೆ ನಿಂತವರ ಮುಖ ಕಾಣುತ್ತಿರಲಿಲ್ಲ. ಗಾಳಿಯಲ್ಲಿ ಹತ್ತಿಯ ಎಳೆ, ಒಣ ಎಲೆಯ ಹುಡಿ. ಹೆಂಗಸರ ಹುಬ್ಬು, ರೆಪ್ಪೆ ಬೆಳ್ಳಗಾಗಿ ಹದಿನೆಂಟರ ಹುಡುಗಿಯೂ ಮುದುಕಿಯಂತೆ ಕಾಣುತ್ತಿದ್ದಳು. ಒಂದು ತಾಸಿಗೆ ನನ್ನ ಗಂಟಲು ಹಿಡಿಯಿತು. ಕಿಟಕಿ ಕೊರೆಸಿ, ಗುಡಿಸುವ ಮೊದಲು ನೀರು ಚಿಮುಕಿಸಿ ಎಂದು ಜಿನ್ನಿನ ಲೆಕ್ಕ ನೋಡುವ ಮುನೀಮನಿಗೆ ಹೇಳಿದೆ.

"ನೀರು ಬಿದ್ರ ಅರಳಿ ಕೆಡ್ತದರಿ" ಎಂದ. ಅರಳಿ ಎಂದರೆ ಕಾಳು ತೆಗೆದ ಹತ್ತಿ. "ದಿನಾ ಸಂಜಿಗಿ ಎಲ್ಲರಿಗೂ ಬೆಲ್ಲ ಕೊಡ್ತೇವಲ್ಲ. ಬೆಲ್ಲ ತಿಂದ್ರ ಧೂಳು ಇಳೀತದ. ಮತ್ತ ಹತ್ತಿ ಅಂದ್ರ ಲಕ್ಷ್ಮಿ. ಲಕ್ಷ್ಮಿಯಿಂದ ರೋಗ ಬರ್ತದಂತೀರೇನು?"

ಹೊಸ ಡಾಕ್ಟರು ತರುಣರು, ಹೊರಗಿನವರು. ನಾನು ಬರೆದುಕೊಂಡು ಹೋದ ಹೆಸರುಗಳನ್ನು ಓದಿ ಮೇಜಿನ ಮೇಲಿಟ್ಟರು. ಕಂಪೌಂಡರನು ಔಷಧಿ ನೋಡಿಕೊಳ್ಳಬೇಕು, ಗಿರಣಿಯನ್ನಲ್ಲ ಎಂದರು. ಕೆಲವು ತಿಂಗಳಿಗೆ ನನಗೆ ಔರಾದಕ್ಕೆ ಬದಲಿಯಾಯಿತು. ಯಾಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಮಟ್ಟಿಗೆ ಅಲ್ಲಿಗೆ ಹೋಗಬೇಕಾದ ಕೆಲಸವೂ ಇತ್ತು.

ಹೋದವನು ತಕ್ಷಣ ಹುಡುಕಿದೆನೇ? ಇಲ್ಲ. ಅವಳು ಸತ್ತಿದ್ದರೆ ಎಂಬ ಅಂಜಿಕೆ, ಬದುಕಿದ್ದರೆ ಎಂಬ ಅಂಜಿಕೆ ಇನ್ನೂ ದೊಡ್ಡದು. ಔರಾದದ ಡಾಕ್ಟರರ ಹತ್ತಿರ ದಪ್ಪನೆಯ ಇಂಗ್ಲಿಷ್ ಪುಸ್ತಕವಿತ್ತು. ಹತ್ತಿಯ ಧೂಳು ಕುಡಿದವರಿಗೆ ರಜೆಯ ಮರುದಿನ ಎದೆ ಬಿಗಿಯುತ್ತದೆ, ವರ್ಷಾನುಗಟ್ಟಲೆ ಕುಡಿದರೆ ಪುಪ್ಪುಸ ಮತ್ತೆ ಮೊದಲಿನಂತಾಗುವುದಿಲ್ಲ, ಆದರೆ ಇದು ಒಬ್ಬರಿಂದ ಒಬ್ಬರಿಗೆ ಹತ್ತುವ ರೋಗವಲ್ಲ ಎಂದು ಅದರಲ್ಲಿದ್ದುದನ್ನು ಅವರು ನನಗೆ ಬಿಡಿಸಿ ಹೇಳಿದರು.

ಕೊನೆಗೆ ಅವಳೇ ಎದುರಾದಳು. ತಲೆಯ ಮೇಲೆ ಕಣಿಕಿಯ, ಅಂದರೆ ಜೋಳದ ಒಣ ದಂಟಿನ ದೊಡ್ಡ ಹೊರೆ ಹೊತ್ತು ಏರು ದಾರಿಯಲ್ಲಿ ಸರಸರ ಬರುತ್ತಿದ್ದಳು. ಮೈ ತುಂಬಿಕೊಂಡಿತ್ತು. ಏದುಸಿರಿಲ್ಲ, ಕೆಮ್ಮಿಲ್ಲ. ನನ್ನ ಗುರುತು ಹಿಡಿದು ನಿಂತಳು.

"ಶರಣ್ರಿ ಅಣ್ಣಾರ. ಸತ್ತಾಳಂತ ತಿಳ್ಕೊಂಡಿದ್ರೇನು?"

ನಾನು ಕೈಮುಗಿದೆ. ಅವಳೇ ಮಾತಾಡಿದಳು. ಮೊದಲ ವರ್ಷ ಹೊಲದ ಜೋಪಡಿಯಲ್ಲಿ ಒಬ್ಬಳನ್ನೇ ಇಟ್ಟಿದ್ದರು. ಕುರಿಯ ಜೊತೆ ಮಲಗಿದೆ, ತಾಟು ಬೇರೆ, ಕೊಡ ಬೇರೆ ಎಂದಳು. ಎರಡು ತಿಂಗಳಿಗೇ ಕೆಮ್ಮು ನಿಂತಿತು. ಅವಳ ಅವ್ವ, ದೇವರು ದೊಡ್ಡವನು ಎಂದು ಹರಕೆ ತೀರಿಸಿದಳು. ಅಷ್ಟರಲ್ಲಿ ಗಂಡ ಇನ್ನೊಂದು ಮದುವೆಯಾಗಿದ್ದ.

"ದೇವರದ್ದಲ್ಲ ತಂಗಿ" ಎಂದೆ. "ನಿನಗ ಕ್ಷಯ ಇರಲೇ ಇಲ್ಲ. ಜಿನ್ನಿನ ಧೂಳಿನ ಕೆಮ್ಮು ಅದು. ನಾ ತಪ್ಪು ಬರದು ಕೊಟ್ಟೆ."

ಅವಳು ಹೊರೆಯನ್ನು ಇಳಿಸಲಿಲ್ಲ. ಅಳುತ್ತಾಳೆ, ಬೈಯುತ್ತಾಳೆ ಎಂದು ಕಾದೆ.

"ಹಂಗಾದ್ರ ಆ ದಿನ ನಾ ಕೂಸಿಗಿ ಎತ್ಕೋಬಹುದಿತ್ತು" ಎಂದಳು.

ಮರುವಾರ ಅವಳು, ಅವಳ ಅವ್ವ, ನಾನು ಭಾಲ್ಕಿಗೆ ಹೋದೆವು. ಶಿವಲಿಂಗಪ್ಪ ನಮ್ಮನ್ನು ಪಡಸಾಲೆಯಲ್ಲಿ ಕೂಡಿಸಿ ನೀರು ಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು.

"ಆಗ ಕಾಗದಾ ಬರದವರು ನೀವೇ, ಈಗ ಸುಳ್ಳಂತ ಹೇಳೋರೂ ನೀವೇ. ಯಾವ ಮಾತು ನಂಬಬೇಕ್ರಿ ನಾ?"

"ಕಾಕಾ, ಆಗ ನನಗ ತಿಳೀಲಿಲ್ಲ."

"ಈಗರೆ ತಿಳದದಂತ ಹ್ಯಾಂಗ ಹೇಳಲಿ? ಮಗನ ಸಂಸಾರ ಬ್ಯಾರೆ ಆಗ್ಯಾದ. ಎರಡು ಕೂಸವ." ಅವರು ಬಾಗಿಲ ಕಡೆ ನೋಡಿದರು. "ಕಮಲಿ ನಮ್ಮ ಮನಿ ಹೆಣ್ಣು. ಕೊಡಂಗಿಲ್ಲ."

ಬಾಗಿಲ ಹಿಂದೆ ಏಳು ವರ್ಷದ ಹುಡುಗಿ ನಿಂತಿದ್ದಳು. ತಾಯಿಯ ಗುರುತು ಅವಳಿಗಿರಲಿಲ್ಲ. ಕೂದಲಲ್ಲಿ ಹತ್ತಿಯ ಎಳೆಗಳು. ಮಲತಾಯಿಯ ಜೊತೆ ಜಿನ್ನಿನಲ್ಲಿ ಕಸ ಗುಡಿಸಲು ಹೋಗುತ್ತಾಳೆಂದು ಆಮೇಲೆ ತಿಳಿಯಿತು. ಗುಂಡಮ್ಮ ಅದನ್ನು ನೋಡಿದ ಕೂಡಲೇ ತಿಳಿದುಕೊಂಡಳು. ಆ ದಿನ ಅವಳು ನಮ್ಮ ಜೊತೆ ಔರಾದಕ್ಕೆ ಮರಳಲಿಲ್ಲ. ಭಾಲ್ಕಿಯಲ್ಲೇ ಪರಿಚಯದವರ ಮನೆಯ ಕೊಟ್ಟಿಗೆಯಲ್ಲಿ ಉಳಿದು ಮತ್ತೆ ಜಿನ್ನಿಗೆ ಸೇರಿದಳು.

ಹೋಗಿ ಎಷ್ಟು ಹೇಳಿದೆ! "ತಂಗಿ, ಅದು ನಿನ್ನ ಎದಿಗಿ ವಿಷ. ಈಗ ಗೊತ್ತಿದ್ದೂ ಗೊತ್ತಿದ್ದೂ ಯಾಕ?"

"ಅಕಿ ಗುಡಿಸೋ ಜಾಗಾ ನನ್ನ ಮಗ್ಗಲಾಗ ಬರ್ತದ ಅಣ್ಣಾರ. ದಿನಾ ನೋಡ್ತೇನಿ. ಧೂಳು ಭಾಳ ಎದ್ದಾಗ ನನ್ನ ಸೆರಗು ಅಕೀ ಮಾರಿಗಿ ಕಟ್ತೇನಿ. ಬ್ಯಾರೆ ಎಲ್ಲಿ ಹೋದ್ರ ಸಿಗ್ತಾಳ ಅಕಿ ನನಗಿ?"

ನಾಲ್ಕು ಹಂಗಾಮು ಅವಳು ಹಾಗೆ ದುಡಿದಳು. ನನಗೆ ಮತ್ತೆ ಭಾಲ್ಕಿಗೆ ಬದಲಿಯಾದಾಗ ಹೈದರಾಬಾದ್ ರಾಜ್ಯ ಒಡೆಯುತ್ತದೆ, ಬೀದರ ಮೈಸೂರಿಗೆ ಸೇರುತ್ತದೆ ಎಂದು ಊರೆಲ್ಲ ಮಾತು. ರಿಜಿಸ್ಟರ್ ಉರ್ದುವಿನಿಂದ ಇಂಗ್ಲಿಷಿಗೆ ಬಂದಿತ್ತು. ಚಾರ್ಜು ತೆಗೆದುಕೊಂಡ ವಾರವೇ ಗುಂಡಮ್ಮ ಕಮಲಿಯ ಕೈ ಹಿಡಿದುಕೊಂಡು ಬಂದಳು. ಕಟ್ಟೆಯ ಮೂರು ಮೆಟ್ಟಿಲು ಹತ್ತಲು ಎರಡು ಸಲ ಕುಳಿತಳು. ಕಣಿಕಿಯ ಹೊರೆ ಹೊತ್ತು ಏರು ಹತ್ತುತ್ತಿದ್ದ ಹೆಂಗಸು ಅವಳೇ ಎಂದು ನಂಬುವುದು ಕಷ್ಟವಾಯಿತು.

"ಇಕೀಗಿ ನೋಡ್ರಿ. ಈ ಸಲ ಸರಿಯಾಗಿ ನೋಡ್ರಿ."

ಹನ್ನೊಂದರ ಹುಡುಗಿಯನ್ನು ಕೂಡಿಸಿಕೊಂಡು ಎಲ್ಲ ಕೇಳಿದೆ. ಸುಟ್ಟಿಯ ಮರುದಿನ ಎದೆ ಹಿಡಿಯುತ್ತದೆ, ಬೇಸಿಗೆಯಲ್ಲಿ ಏನೂ ಇಲ್ಲ. ಡಾಕ್ಟರರೂ ನೋಡಿದರು. ಈಗಲೇ ಬಿಡಿಸಿದರೆ ಪೂರ್ತಿ ಗುಣವಾಗುತ್ತಾಳೆ ಎಂದರು. ಅವಳನ್ನು ಹೊರಗೆ ಕೂಡಿಸಿ ಗುಂಡಮ್ಮ ನನ್ನ ಮೇಜಿನ ಹತ್ತಿರ ಬಂದಳು.

"ಮಾವನ ಮನ್ಯಾಗ ಜಿನ್ನು ಬಿಡಿಸಂಗಿಲ್ಲರಿ. ಇಕೀಗಿ ಕ್ಷಯ ಅದಂತ ಬರದು ಕೊಡ್ರಿ."

ನನಗೆ ಮೊದಲು ಅರ್ಥವಾಗಲಿಲ್ಲ.

"ನನಗಿ ಹೊರಗ ಹಾಕಿದಂಗ ಇಕೀಗೂ ಹಾಕ್ತಾರ. ನಾ ಕರ್ಕೊಂಡು ಹೋಗ್ತೇನಿ."

"ಯವ್ವಾ, ಸುಳ್ಳು ಬರದ್ರ ನನ್ನ ನೌಕರಿ ಹೋಗ್ತದ. ಅದಕ್ಕಿಂತ ಹುಡುಗಿಗಿ ಆ ಹೆಸರು ಅಂಟಿದ್ರ ನಾಳಿ ಲಗ್ನ ಹ್ಯಾಂಗ?"

"ಲಗ್ನ ಆಮ್ಯಾಗಿಂದು. ಉಸಿರಾಡ್ಲಿ ಮೊದಲು."

ನಾನು ಬರೆದೆ. ಡಾಕ್ಟರರಿಗೆ ಹೇಳದೆ, ರಿಜಿಸ್ಟರಿಗೆ ಏರಿಸದೆ ಬರೆದೆ. ಹೊಸಬರು ಇದನ್ನು ಮಾಡಬೇಕೆಂದು ನಾನು ಹೇಳುತ್ತಿಲ್ಲ. ಆ ದಿನ ಆ ಹೆಂಗಸಿಗೆ ಬೇರೆ ಏನು ಕೊಡಬೇಕೆಂದು ನನಗೆ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಅವಳು ಎಣಿಸಿದಂತೆಯೇ ಆಯಿತು. ಮರುದಿನವೇ ಕಮಲಿಯನ್ನು ಒಂದು ಕೌದಿಯ ಜೊತೆ ಹೊರಗೆ ಕೂಡಿಸಿದರು. ಶಿವಲಿಂಗಪ್ಪ ಮಾತ್ರ ಓಣಿಯ ತುದಿಯವರೆಗೆ ಹಿಂದೆ ಹಿಂದೆ ಬಂದು ನಿಂತರಂತೆ.

ವರ್ಷದ ನಂತರ ಔರಾದದ ಆ ಹಳ್ಳಿಗೆ ಹೋದೆ. ಗುಂಡಮ್ಮನಿಗೆ ಮಲಗಲು ಆಗುತ್ತಿರಲಿಲ್ಲ. ಗೋಡೆಗೆ ಒರಗಿ ಕುಳಿತೇ ಹೊತ್ತು ಕಳೆಯುತ್ತಿದ್ದಳು. ನಾನು ಒಯ್ದ ಗುಳಿಗೆಯಿಂದ ಅರ್ಧ ತಾಸು ಹಗುರ, ಅಷ್ಟೇ. ಹೊರಗೆ ಕಮಲಿ ಕುರಿಮರಿಗಳನ್ನು ಅಟ್ಟಿಸಿಕೊಂಡು ಕೂಗುತ್ತಾ ಓಡಾಡುತ್ತಿದ್ದಳು. ಅವಳ ದನಿಯಲ್ಲಿ ಕೆಮ್ಮಿರಲಿಲ್ಲ. ಗುಂಡಮ್ಮ ತುಂಡು ತುಂಡಾಗಿ ಮಾತಾಡಿದಳು.

"ಬರೋ ಮುಂದ ಚಕ್ಕಡ್ಯಾಗ ಅಕಿ ಆ ಕಡಿ ತುದಿಗಿ ಕುಂತಿದ್ಲು ಅಣ್ಣಾರ. ಬಾಯಿಗಿ ಅರಿವಿ ಕಟ್ಕೊಂಡು. ಹಂತ್ಯಾಕ ಬಾ ಅಂದೆ. 'ಬ್ಯಾಡವ್ವಾ, ನನ್ನ ರೋಗ ನಿನಗಿ ಹತ್ತತದ' ಅಂದ್ಲು."

ಉಸಿರು ಸಿಗಲಿಲ್ಲ. ಸ್ವಲ್ಪ ಹೊತ್ತು ಗೋಡೆ ಹಿಡಿದುಕೊಂಡಳು.

"ಆಮ್ಯಾಗ?" ಎಂದೆ.

"ಬಾಯಿಗಿ ಕಟ್ಟಿದ ಅರಿವಿ ಬಿಚ್ಚಿ ಒಗದೆ. ಔರಾದ ಬರೂತನ ತೊಡಿ ಮ್ಯಾಲಿಂದ ಇಳಿಸ್ಲಿಲ್ಲ. ಹನ್ನೊಂದು ವರ್ಷದ ಹುಡುಗಿ, ಎಷ್ಟು ವಜ್ಜಿ ಇದ್ಲರಿ!"

ಆ ಮಳೆಗಾಲ ಮುಗಿಯುವ ಮೊದಲು ಅವಳು ಹೋದಳು. ಕುಳಿತಲ್ಲೇ, ಮಗಳ ಹೆಗಲಿಗೆ ಒರಗಿಕೊಂಡು.